ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ಹಲ್ಲಿಗೆ ಎಮರ್ಜೆನ್ಸಿ ಬಂದಾಗ

ಹಲ್ಲಿನ ತುರ್ತು ತೊಂದರೆಗಳ ಬಗ್ಗೆ ಕೇಳಿ ಅಂದಿದ್ವಿ, ಬಂದಿದ್ದನ್ನ ನೋಡಿದ್ರೆ ಸುಮಾರು ಜನ ನೋವು ಜೋರಾಗಿರೋವಾಗ್ಲೇ, ಅದೂ ಅರ್ಧ ರಾತ್ರೀಲಿ ಕೂತು ಟೈಪ್ ಮಾಡಿರೋ ಹಾಗಿದೆ. ಪತ್ರಿಕೆ ಕೈಗೆ ಸಿಗೋ ಹೊತ್ತಿಗೆ ಆ ರಾತ್ರಿ ಕಳೆದುಹೋಗಿರತ್ತೆ, ಆದ್ರೂ ಮುಂದಿನ ಸಲಕ್ಕೆ ಉಪಯೋಗಕ್ಕೆ ಬರಲಿ ಅಂತ ವಿವರವಾಗೇ ಬರೀತಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿದೀನಿ, ಹೆಸರುಗಳನ್ನ ಬಿಟ್ಟಿದೀನಿ.

ಪ್ರಶ್ನೆ: ಡಾಕ್ಟ್ರೇ, ಹಗಲೆಲ್ಲಾ ಸುಮ್ನಿರೋ ಹಲ್ಲು ರಾತ್ರಿ ಮಲಗಿದ ತಕ್ಷಣ ಸಿಡಿಯೋಕೆ ಶುರು ಮಾಡತ್ತೆ. ಎದ್ದು ಕೂತ್ರೆ ಸ್ವಲ್ಪ ಕಡಿಮೆ. ಕ್ಲಿನಿಕ್ ತೆಗೆಯೋದು ಬೆಳಿಗ್ಗೆ, ಅಲ್ಲೀವರೆಗೆ ಏನು ಮಾಡೋದು? ಎರಡು ಥರದ ಮಾತ್ರೆ ಒಟ್ಟಿಗೆ ತಗೋಬಹುದಾ?

ಉತ್ತರ: ಮಲಗಿದಾಗ ತಲೆ ಕಡೆಗೆ ರಕ್ತದ ಒತ್ತಡ ಸ್ವಲ್ಪ ಜಾಸ್ತಿ ಆಗತ್ತೆ. ಹಲ್ಲಿನ ಒಳಗಿರೋ ನರ ಮತ್ತು ರಕ್ತನಾಳದ ಮೆತ್ತಗಿನ ಭಾಗ ಇದೆಯಲ್ಲ, ಪಲ್ಪ್ ಅಂತೀವಿ, ಅದು ಊದಿಕೊಂಡಿದೆ, ಸುತ್ತಲೂ ಗಟ್ಟಿ ಗೋಡೆ, ಊದೋಕೆ ಜಾಗ ಇಲ್ಲ, ಹಾಗಾಗಿ ಒತ್ತಡ ಸ್ವಲ್ಪ ಏರಿದ್ರೂ ಪ್ರತಿ ನಾಡಿ ಬಡಿತಕ್ಕೂ ಸಿಡಿಯತ್ತೆ. ಅದಕ್ಕೇ ಎದ್ದು ಕೂತಾಗ ನಿಮಗೆ ಕಡಿಮೆ ಅನ್ಸೋದು. ಇವತ್ತು ರಾತ್ರಿ ಎರಡು ಮೂರು ದಿಂಬು ಇಟ್ಟು ತಲೆ ಎತ್ತರಕ್ಕಿರೋ ಹಾಗೆ ಒರಗಿ ಮಲಗಿ.

ಮಾತ್ರೆ ವಿಷ್ಯ. ಬೇರೆ ಕಾಯಿಲೆ ಏನೂ ಇಲ್ಲದ ದೊಡ್ಡವರು ಐಬುಪ್ರೊಫೇನ್ 400 ಮಿಲಿಗ್ರಾಂ, ಅದರ ಜೊತೆಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಟ್ಟಿಗೇ ತಗೋಬಹುದು, ಎರಡೂ ಬೇರೆ ಬೇರೆ ದಾರೀಲಿ ಕೆಲಸ ಮಾಡೋದ್ರಿಂದ ಒಂದೊಂದೇ ತಗೊಂಡಿದ್ದಕ್ಕಿಂತ ಚೆನ್ನಾಗಿ ಹಿಡಿಯತ್ತೆ. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ತಗೊಳ್ಳಿ, ಮತ್ತೆ ಬೇಕಾದ್ರೆ 6 ರಿಂದ 8 ಗಂಟೆ ಬಿಟ್ಟು. ಡಾಕ್ಟರ ಸಲಹೆ ಇಲ್ಲದೆ ಐಬುಪ್ರೊಫೇನ್ ದಿನಕ್ಕೆ 1200 ಮಿಲಿಗ್ರಾಂ ದಾಟಬಾರದು. ಪ್ಯಾರಾಸಿಟಮಾಲ್ 24 ಗಂಟೇಲಿ ಒಟ್ಟು 4 ಗ್ರಾಂ ದಾಟಿದ್ರೆ ಲಿವರ್‌ಗೆ ಅಪಾಯ, ಶೀತ ಜ್ವರದ ಮಾತ್ರೆಗಳಲ್ಲೂ ಅದೇ ಇರತ್ತೆ ಅನ್ನೋದನ್ನ ಜನ ಮರೀತಾರೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಲಿವರ್ ತೊಂದರೆ ಇರೋರು, ಕುಡಿಯೋ ಅಭ್ಯಾಸ ಇರೋರಿಗೆ ಈ ಮಿತಿ ಇನ್ನೂ ಕಡಿಮೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ಪೇನ್ ಕಿಲ್ಲರ್ ತಗೊಂಡ್ರೆ ಉಬ್ಬಸ ಬರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಗರ್ಭಿಣಿಯರು ಐಬುಪ್ರೊಫೇನ್ ಮುಟ್ಟಬೇಡಿ.

ಆಸ್ಪಿರಿನ್ ಮಾತ್ರೇನ ಹಲ್ಲಿನ ಪಕ್ಕ ಇಟ್ಕೊಂಡು ಮಲಗೋ ಪದ್ಧತಿ ಇನ್ನೂ ಹೋಗಿಲ್ಲ. ಬೆಳಿಗ್ಗೆ ಬಂದು ಬಾಯಿ ತೆರೆದ್ರೆ ವಸಡಿನ ಮೇಲೆ ಬೆಳ್ಳಗೆ ಸುಟ್ಟ ಪದರ, ಮುಟ್ಟಿದ್ರೆ ಸುಲಿದು ಬರತ್ತೆ, ಹಲ್ಲು ನೋವು ಮಾತ್ರ ಹಾಗೇ ಇರತ್ತೆ. ಮಾತ್ರೆ ಕೆಲಸ ಮಾಡೋದು ನುಂಗಿದ್ರೆ. ಲವಂಗದ ಎಣ್ಣೆ ಸುಳ್ಳಲ್ಲ, ಅದರಲ್ಲಿರೋ ಯೂಜಿನಾಲ್‌ನ ನಾವೇ ಸಿಮೆಂಟ್ ಜೊತೆ ಬೆರೆಸಿ ಬಳಸ್ತೀವಿ, ಆದ್ರೆ ಒಂದೇ ಒಂದು ಹನಿ ಹತ್ತಿಗೆ ಹಾಕಿ ಹುಳುಕಿನ ಗುಳಿಗೆ ಮಾತ್ರ ಇಡಿ. ವಸಡಿಗೆ ಸುರಿದ್ರೆ ಅದೂ ಸುಡತ್ತೆ.

ಒಂದು ವಿಷ್ಯ ಗಮನಿಸಿ. ತಣ್ಣಗಿದ್ದಿದ್ದು ತಾಗಿದಾಗ ಜುಮ್ ಅಂದು ಒಂದೆರಡು ಸೆಕೆಂಡಲ್ಲಿ ಹೋದ್ರೆ ಪಲ್ಪ್ ಇನ್ನೂ ಉಳಿಯೋ ಸ್ಥಿತೀಲಿದೆ, ಫಿಲ್ಲಿಂಗ್‌ನಲ್ಲೇ ಮುಗೀಬಹುದು. ತಾಗಿದ್ದು ಹೋದ್ಮೇಲೂ ನಿಮಿಷಗಟ್ಟಲೆ ನೋವು ಉಳಿದ್ರೆ, ಅಥವಾ ನಿಮ್ಮ ಹಾಗೆ ಏನೂ ತಾಗದೆ ತಾನಾಗೇ ಬಂದು ನಿದ್ದೆಗೆಡಿಸಿದ್ರೆ, ಒಳಗಿನ ನರ ವಾಪಸ್ ಸರಿಹೋಗೋ ಹಂತ ದಾಟಿದೆ ಅಂತ ಸಾಮಾನ್ಯವಾಗಿ ಲೆಕ್ಕ. ಆಗ ಹಲ್ಲನ್ನ ತೆರೆದು ಊದಿದ ಭಾಗ ತೆಗೀಬೇಕು, ರೂಟ್ ಕೆನಾಲ್‌ನ ಮೊದಲ ಸಿಟಿಂಗ್ ಅಂದ್ರೆ ಅದೇ, ಇಲ್ಲಾಂದ್ರೆ ಹಲ್ಲು ಕೀಳಬೇಕು. ಆ ಮೊದಲ ಸಿಟಿಂಗ್‌ನಲ್ಲೇ ಮುಕ್ಕಾಲು ನೋವು ಇಳಿಯತ್ತೆ. ತೀರಾ ಊದಿದ ಹಲ್ಲಿಗೆ, ಅದ್ರಲ್ಲೂ ಕೆಳಗಿನ ದವಡೆ ಹಲ್ಲಿಗೆ, ಒಂದು ಇಂಜೆಕ್ಷನ್‌ಗೆ ಜೋಮು ಸರಿಯಾಗಿ ಹಿಡಿಯದೇ ಇರಬಹುದು, ಹಿಡಿದಿಲ್ಲ ಅಂದ್ರೆ ಹೇಳಿ, ಸಹಿಸ್ಕೊಂಡು ಕೂರಬೇಡಿ, ಇನ್ನೊಂದು ಕಡೆಯಿಂದ ಕೊಡೋಕೆ ದಾರಿ ಇದೆ.

ಪ್ರಶ್ನೆ: ಒಂದು ವಾರ ವಿಪರೀತ ಹಲ್ಲು ನೋವಿತ್ತು, ಮನೇಲಿ ಉಳಿದಿದ್ದ ಆಂಟಿಬಯೋಟಿಕ್ ಮೂರು ದಿನ ತಗೊಂಡೆ, ನೋವು ಪೂರ್ತಿ ನಿಂತೋಯ್ತು. ಆದ್ರೆ ನಿನ್ನೆಯಿಂದ ಕೆನ್ನೆ ಊದಿದೆ, ನೋವೇನೂ ಅಷ್ಟಿಲ್ಲ. ಡಾಕ್ಟರ ಹತ್ರ ಹೋಗ್ಲೇಬೇಕಾ, ಬಿಸಿ ಶಾಖ ಕೊಟ್ರೆ ಇಳಿಯಲ್ವಾ?

ಉತ್ತರ: ಹೋಗ್ಲೇಬೇಕು, ಅದೂ ಇವತ್ತೇ. ಈ ಸಲ ಬಂದಿರೋದ್ರಲ್ಲಿ ನನಗೆ ನಿಜವಾಗ್ಲೂ ಗಾಬರಿ ಹುಟ್ಟಿಸಿದ್ದು ನಿಮ್ಮ ಪ್ರಶ್ನೆ, ನೋವಿಂದ ಕಿರುಚೋರದ್ದಲ್ಲ. ನಿಮ್ಮ ನೋವು ನಿಂತಿದ್ದು ಬಹುಶಃ ಮಾತ್ರೆಯಿಂದ ಅಲ್ಲ, ಹಲ್ಲಿನ ನರ ಸತ್ತಿದ್ರಿಂದ. ಸತ್ತ ನರಕ್ಕೆ ನೋವು ಹೇಳೋಕೆ ಬರಲ್ಲ, ಆದ್ರೆ ಆ ಸತ್ತ ಭಾಗ ಒಳಗೇ ಕೊಳೀತಾ ಬ್ಯಾಕ್ಟೀರಿಯಾ ಬೇರಿನ ತುದಿಯಿಂದ ಮೂಳೆಗೆ, ಅಲ್ಲಿಂದ ಕೆನ್ನೆಗೆ ಇಳಿದಿದೆ. ನಡುವೆ ಒಂದೆರಡು ದಿನ ಸುಖವಾಗಿರತ್ತೆ, ಜನ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡೋದು ಅದೇ ಟೈಮಲ್ಲಿ.

ಆಂಟಿಬಯೋಟಿಕ್ ನುಂಗಿದ್ರೆ ಅದು ರಕ್ತದ ಮೂಲಕ ಹೋಗಬೇಕು. ಸತ್ತ ಹಲ್ಲಿನ ಒಳಗೆ ರಕ್ತವೇ ಓಡ್ತಿಲ್ಲ, ಹಾಗಾಗಿ ಅದು ರಸ್ತೆನೇ ಇಲ್ಲದ ಊರಿಗೆ ಬಸ್ ಕಳಿಸಿದ ಹಾಗೆ. ಸುತ್ತಲಿನ ನಂಜನ್ನ ಸ್ವಲ್ಪ ತಡೆಯಬಹುದು, ಮೂಲ ಹಾಗೇ ಉಳಿಯತ್ತೆ, ಮಾತ್ರೆ ನಿಲ್ಲಿಸಿದ್ಮೇಲೆ ಮತ್ತೆ ಬರತ್ತೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳತ್ತೆ, ಬೇರೆ ಕಾಯಿಲೆ ಇಲ್ಲದ ದೊಡ್ಡವರಿಗೆ, ಹಲ್ಲಿನ ಚಿಕಿತ್ಸೆ ತಕ್ಷಣ ಸಿಗೋ ಹಾಗಿದ್ರೆ, ಬರೀ ಹಲ್ಲು ನೋವಿಗೆ, ಅಷ್ಟೇ ಏಕೆ ಹಲ್ಲಿನ ಹತ್ರವೇ ಇರೋ ಸಣ್ಣ ಕೀವಿನ ಗುಳ್ಳೆಗೂ ಆಂಟಿಬಯೋಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಮಾಡಿ ಅಂತ. ಜ್ವರ ಬಂದಾಗ, ಸುಸ್ತಾದಾಗ, ಊತ ಹರಡ್ತಿರೋವಾಗ ಬೇಕಾಗತ್ತೆ, ಆಗ್ಲೂ ಕೀವಿಗೆ ದಾರಿ ಮಾಡೋದರ ಜೊತೆಗೆ, ಅದರ ಬದಲಿಗಲ್ಲ. ಉಳಿದ ಮಾತ್ರೆ ಅಂದ್ರಿ, ಅಂದ್ರೆ ಹೋದ ಸಲದ ಕೋರ್ಸೂ ಅರ್ಧಕ್ಕೇ ಬಿಟ್ಟಿದ್ರಿ ಅಂತಾಯ್ತು, ಅದನ್ನೂ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ.

ಬಿಸಿ ಶಾಖ ಬೇಡ. ಹೊರಗಿನಿಂದ ಬಿಸಿ ಕೊಟ್ರೆ ಅಲ್ಲಿಗೆ ರಕ್ತ ಇನ್ನೂ ನುಗ್ಗಿ ಊತ, ಸಿಡಿತ ಜಾಸ್ತಿ ಆಗಬಹುದು. ಬೇಕಾದ್ರೆ ಬಟ್ಟೇಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಟ್ಟು ತೆಗೀರಿ. ಗುಳ್ಳೇನ ಪಿನ್ನಲ್ಲಿ ಚುಚ್ಚೋ ಸಾಹಸ ಬೇಡವೇ ಬೇಡ.

ಈಗ ಮುಖ್ಯ ವಿಷ್ಯ, ಹಲ್ಲಿನ ಕ್ಲಿನಿಕ್ ಬಿಟ್ಟು ನೇರ ದೊಡ್ಡ ಆಸ್ಪತ್ರೆ ಎಮರ್ಜೆನ್ಸಿಗೆ ಯಾವಾಗ ಹೋಗ್ಬೇಕು. ಉಗುಳು ನುಂಗೋಕಾಗದೆ ಬಾಯಿಂದ ಸೋರ್ತಿದ್ರೆ. ನಾಲಿಗೆ ಕೆಳಗಿನ ಭಾಗ ಗಟ್ಟಿಯಾಗಿ ಊದಿ ನಾಲಿಗೇನ ಮೇಲಕ್ಕೆ ತಳ್ತಿದ್ರೆ. ಊತ ದವಡೆ ದಾಟಿ ಕತ್ತಿಗೆ ಇಳಿದ್ರೆ, ಎರಡು ಬೆರಳು ತೂರೋಷ್ಟೂ ಬಾಯಿ ತೆರೆಯೋಕಾಗದಿದ್ರೆ, ದನಿ ಬದಲಾದ್ರೆ, ಮಲಗಿದ್ರೆ ಉಸಿರು ಕಟ್ಟಿದ ಹಾಗಾದ್ರೆ. ಲುಡ್ವಿಗ್ಸ್ ಆಂಜೈನಾ ಅಂತ ಇದಕ್ಕೆ ಹೆಸರು, 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ವಿವರಿಸಿದ್ದು, ಬಹುಪಾಲು ಶುರುವಾಗೋದು ಕೆಳಗಿನ ದವಡೆಯ ಹಿಂದಿನ ಹಲ್ಲಿಂದ, ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಿಬಿಡತ್ತೆ. ಅಂಥವರಿಗೆ ಬೇಕಾಗಿರೋದು ಮೊದಲು ಉಸಿರು ಕಾಪಾಡೋ ಜಾಗ, ಅದು ಹಲ್ಲಿನ ಕುರ್ಚಿಯಲ್ಲಿ ಆಗೋ ಕೆಲಸ ಅಲ್ಲ. ಮೇಲಿನ ಹಲ್ಲಿನ ನಂಜಾದ್ರೆ ಊತ ಕಣ್ಣಿನ ಕಡೆ ಹೋಗಬಹುದು, ಕಣ್ಣು ಮುಚ್ಚಿಕೊಂಡ್ರೆ, ದೃಷ್ಟಿ ಮಸುಕಾದ್ರೆ ಅದೂ ಆಸ್ಪತ್ರೆ ಕೇಸೇ. ಸಕ್ಕರೆ ಕಾಯಿಲೆ ಇರೋರು, ಕೀಮೋ ತಗೊಳ್ತಿರೋರು ಇಷ್ಟೆಲ್ಲ ಲಕ್ಷಣ ಬರಲಿ ಅಂತ ಕಾಯ್ಲೇಬಾರದು.

ಪ್ರಶ್ನೆ: 9 ವರ್ಷದ ಮಗನ ಮುಂದಿನ ಹಲ್ಲು ಆಟ ಆಡೋವಾಗ ಬೇರು ಸಮೇತ ಉದುರಿತು. ಮಣ್ಣಾಗಿತ್ತು ಅಂತ ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆದು ಟಿಶ್ಯೂನಲ್ಲಿ ಸುತ್ಕೊಂಡು ಹೋದ್ವಿ, ತಲುಪೋವಾಗ ಮೂರು ಗಂಟೆ ಆಗಿತ್ತು. ಡಾಕ್ಟ್ರು ಕೂರಿಸಿದಾರೆ, ಆದ್ರೆ ಎಷ್ಟು ವರ್ಷ ನಿಲ್ಲತ್ತೋ ಹೇಳೋಕಾಗಲ್ಲ ಅಂದ್ರು. ಯಾಕೆ ಹಾಗೆ? ಚಿಕ್ಕ ಮಗಳಿಗೆ 4 ವರ್ಷ, ಅವಳಿಗೆ ಹೀಗಾದ್ರೆ ಏನು ಮಾಡ್ಬೇಕು?

ಉತ್ತರ: ಹಲ್ಲು ತಗೊಂಡು ಹೋದ್ರಲ್ಲ ತಾಯಿ, ಎಷ್ಟೋ ಜನ ಹಲ್ಲನ್ನ ಬಿದ್ದ ಜಾಗದಲ್ಲೇ ಬಿಟ್ಟು ಬರ್ತಾರೆ. ಸಮಸ್ಯೆ ಆಗಿದ್ದು ತಿಕ್ಕಿದ್ದು ಮತ್ತು ಒಣಗಿದ್ದು. ಬೇರಿನ ಮೇಲೆ ಕಣ್ಣಿಗೆ ಕಾಣಿಸೋದೇ ಕಷ್ಟ ಅನ್ನೋ ತೆಳು ಪದರ ಇರತ್ತೆ, ಹಲ್ಲನ್ನ ಮೂಳೆಗೆ ಕಟ್ಟಿ ಹಿಡಿಯೋ ನಾರುಗಳದ್ದು. ಅದರ ಜೀವಕೋಶಗಳು ಬದುಕಿದ್ರೆ ಹಲ್ಲು ಮತ್ತೆ ಹಿಡ್ಕೊಳ್ಳತ್ತೆ. ಒಣಗೋಕೆ ಬಿಟ್ರೆ ಮೊದಲ 15 ನಿಮಿಷ ಹೆಚ್ಚಿನವು ಬದುಕಿರ್ತವೆ, ಒಂದು ಗಂಟೆ ಒಣಗಿದ್ರೆ ಅವು ಉಳೀತವೆ ಅಂತ ನಂಬೋ ಹಾಗಿಲ್ಲ. ಅವು ಸತ್ತಿದ್ರೆ ಮೂಳೆ ನೇರವಾಗಿ ಬೇರಿಗೇ ಅಂಟಿ, ವರ್ಷಗಳಲ್ಲಿ ಬೇರನ್ನ ನಿಧಾನವಾಗಿ ಕರಗಿಸಿ ತಾನು ಆ ಜಾಗ ತುಂಬತ್ತೆ. ಬೆಳೆಯೋ ಮಗುವಿನಲ್ಲಿ ಪಕ್ಕದ ಹಲ್ಲುಗಳು ಕೆಳಗೆ ಬರ್ತಾ ಇದ್ರೆ ಇದು ಮಾತ್ರ ಅಲ್ಲೇ ನಿಂತು ಗಿಡ್ಡ ಕಾಣತ್ತೆ. ಡಾಕ್ಟ್ರು ಹೇಳಿದ್ದು ಇದನ್ನೇ. ಆದ್ರೂ ಕೂರಿಸಿದ್ದು ಸರಿ, ಅದು ಇರೋಷ್ಟು ವರ್ಷ ಜಾಗವನ್ನೂ ಮೂಳೆಯನ್ನೂ ಕಾಪಾಡತ್ತೆ. ಫಾಲೋ ಅಪ್ ತಪ್ಪಿಸ್ಬೇಡಿ.

ಶಾಶ್ವತ ಹಲ್ಲು ಉದುರಿದ್ರೆ ಮಾಡಬೇಕಾದ್ದು ಹೀಗೆ. ಹಲ್ಲಿನ ಬಿಳಿ ಭಾಗ ಮಾತ್ರ ಹಿಡೀರಿ, ಹಳದಿ ಛಾಯೆಯ ಉದ್ದನೆ ಬೇರು ಮುಟ್ಟಬೇಡಿ. ಕೊಳೆ ಇದ್ರೆ ಹಾಲಲ್ಲಿ ಅದ್ದಿ ಅಲ್ಲಾಡಿಸಿ, ಅಥವಾ ತಣ್ಣೀರಿನ ನಲ್ಲಿ ಕೆಳಗೆ ಹತ್ತು ಸೆಕೆಂಡ್, ಜಾಸ್ತಿ ಅಲ್ಲ, ಉಜ್ಜಬಾರದು. ಪಕ್ಕದ ಹಲ್ಲು ನೋಡಿ ಹಿಂದೆ ಮುಂದೆ ಸರಿಯಾಗಿ ತಿರುಗಿಸಿ ಅದೇ ಗುಳಿಗೆ ಮೆಲ್ಲಗೆ ಒತ್ತಿ ಕೂರಿಸಿ, ಒಂದು ಬಟ್ಟೆ ಕಚ್ಚಿಸಿ, ಓಡಿ. ಅಲ್ಲೇ ಕೂರಿಸೋದೇ ಎಲ್ಲಕ್ಕಿಂತ ಒಳ್ಳೇದು, ಕೈ ನಡುಗತ್ತೆ ಅನ್ನೋದು ಗೊತ್ತು, ಆದ್ರೂ ಐದು ನಿಮಿಷದಲ್ಲಿ ನೀವು ಕೂರಿಸಿದ್ದು ಎರಡು ಗಂಟೆ ಆದ್ಮೇಲೆ ನಾನು ಎಷ್ಟು ನೀಟಾಗಿ ಕೂರಿಸಿದ್ರೂ ಅದಕ್ಕಿಂತ ಮೇಲು. ಆಗೋದೇ ಇಲ್ಲ ಅಂದ್ರೆ ತಣ್ಣನೆ ಹಾಲಲ್ಲಿ ಮುಳುಗಿಸಿ ತನ್ನಿ, ಹಾಲಿನ ಸಾಂದ್ರತೆ ಆ ಜೀವಕೋಶಗಳಿಗೆ ಹೊಂದತ್ತೆ. ನೀರಲ್ಲಿ ಹಾಕಿಟ್ರೆ ಅವು ನೀರು ಹೀರಿ ಒಡೀತವೆ. ಹಾಲೂ ಸಿಗದಿದ್ರೆ ಮಗು ಉಗುಳಿದ ಎಂಜಲಲ್ಲೇ ಒಂದು ಲೋಟದಲ್ಲಿ ಇಡಿ, ಒಣ ಟಿಶ್ಯೂಗಿಂತ ಎಷ್ಟೋ ವಾಸಿ. ಆಮೇಲೆ ಸಾಮಾನ್ಯವಾಗಿ ಎರಡು ವಾರ ಸಪೂರ ತಂತಿಯಲ್ಲಿ ಪಕ್ಕದ ಹಲ್ಲಿಗೆ ಕಟ್ಟಿರ್ತಾರೆ. ಮಣ್ಣಲ್ಲಿ ಬಿದ್ದಿದ್ರೆ ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತಾನೂ ಕೇಳ್ತಾರೆ.

ಮಗಳ ವಿಷ್ಯ ಬೇರೆ. ನಾಲ್ಕು ವರ್ಷಕ್ಕೆ ಅದು ಹಾಲುಹಲ್ಲು, ವಾಪಸ್ ಕೂರಿಸ್ಲೇಬಾರದು, ಮೇಲೆ ಬೆಳೀತಿರೋ ಶಾಶ್ವತ ಹಲ್ಲಿಗೆ ಪೆಟ್ಟಾಗತ್ತೆ. ರಕ್ತ ಬರೋ ಕಡೆ ಬಟ್ಟೆ ಒತ್ತಿ ಹಿಡಿದು ತೋರಿಸಿ. ಉದುರಿದ ಹಲ್ಲು ಎಲ್ಲೂ ಸಿಗಲಿಲ್ಲ, ಮಗು ಕೆಮ್ತಿದೆ ಅಂದ್ರೆ ಶ್ವಾಸಕೋಶಕ್ಕೆ ಹೋಗಿರಬಹುದು, ಆಸ್ಪತ್ರೆಯಲ್ಲಿ ಎದೆ ಎಕ್ಸ್‌ರೇ ಬೇಕು. ಯಾವ ವಯಸ್ಸೇ ಆಗ್ಲಿ, ಪೆಟ್ಟು ಬಿದ್ದ ಮೇಲೆ ಜ್ಞಾನ ತಪ್ಪಿದ್ರೆ, ವಾಂತಿ ಆದ್ರೆ, ಹಲ್ಲು ಆಮೇಲೆ, ತಲೆ ಮೊದಲು.

ಪ್ರಶ್ನೆ: ಅಪ್ಪನಿಗೆ ನಿನ್ನೆ ಸಂಜೆ ಹಲ್ಲು ಕೀಳಿಸಿದ್ವಿ. ಹೃದಯಕ್ಕೆ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರೆ. ರಾತ್ರಿಯೆಲ್ಲಾ ಉಗುಳಿದಾಗೆಲ್ಲಾ ರಕ್ತ, ಮಾತ್ರೆ ನಿಲ್ಲಿಸಿಬಿಡ್ಲಾ?

ಉತ್ತರ: ಮಾತ್ರೆ ನಿಲ್ಲಿಸ್ಬೇಡಿ, ಬರೆದುಕೊಟ್ಟ ಹೃದಯದ ಡಾಕ್ಟರು ಹೇಳದೆ ಒಂದು ಡೋಸೂ ಬಿಡಬೇಡಿ. ಹಲ್ಲಿನ ರಕ್ತವನ್ನ ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು, ಮೆದುಳಲ್ಲೋ ಹೃದಯದಲ್ಲೋ ಹೆಪ್ಪು ಕಟ್ಟಿದ್ರೆ ಅಷ್ಟು ಸುಲಭ ಅಲ್ಲ. ಮೊದಲು ಉಗುಳೋದು ನಿಲ್ಲಿಸೋಕೆ ಹೇಳಿ, ಪ್ರತಿ ಸಲ ಉಗುಳಿದಾಗ್ಲೂ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರತ್ತೆ. ಶುದ್ಧ ಗಾಜ್ ಬಟ್ಟೇನ ದಪ್ಪಗೆ ಮಡಚಿ, ಒದ್ದೆ ಮಾಡಿ ಹಿಂಡಿ, ಸರಿಯಾಗಿ ಗುಳಿಯ ಮೇಲೇ ಇಟ್ಟು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ ಹಿಡೀಲಿ, ನೆಟ್ಟಗೆ ಕೂತಿರಲಿ. ಗಡಿಯಾರ ನೋಡಿ ಅರ್ಧ ಗಂಟೆ, ನಡುವೆ ತೆಗೆದು ನಿಂತಿದೆಯಾ ಅಂತ ಇಣುಕಿದ್ರೆ ಮತ್ತೆ ಮೊದಲಿಂದ ಶುರು. ಎಂಜಲಿಗೆ ಸ್ವಲ್ಪ ಗುಲಾಬಿ ಬಣ್ಣ ಒಂದು ದಿನ ಇರತ್ತೆ, ಒಂದು ಹನಿ ರಕ್ತ ಬಾಯಿ ತುಂಬಾ ಎಂಜಲನ್ನ ಕೆಂಪು ಮಾಡತ್ತೆ, ಅದಕ್ಕೆ ಹೆದರ್ಬೇಡಿ. ಎರಡು ಸಲ ಹೀಗೆ ಕಚ್ಚಿದ್ಮೇಲೂ ಬಾಯಿ ತುಂಬ್ತಿದ್ರೆ, ತಲೆ ತಿರುಗಿದ್ರೆ, ಕೀಳಿಸಿದ ಕಡೆಗೋ ಆಸ್ಪತ್ರೆಗೋ ಆಗ್ಲೇ ಹೊರಡಿ.

ಇದೇ ಥರ ಇನ್ನೊಬ್ಬರು, ಹಲ್ಲು ಕೀಳಿಸಿ ಮೂರನೇ ದಿನ ಕಿವಿವರೆಗೂ ನೋವು, ಬಾಯಿ ವಾಸನೆ, ಮೊದಲ ದಿನಕ್ಕಿಂತ ಜಾಸ್ತಿ ಅಂತ ಬರೆದಿದಾರೆ. ಅದು ಡ್ರೈ ಸಾಕೆಟ್ ಇರಬಹುದು, ಹೆಪ್ಪು ಕಿತ್ತು ಹೋಗಿ ಒಳಗಿನ ಮೂಳೆ ಬರಿದಾಗಿರೋದು, ಸಿಗರೇಟ್ ಸೇದೋರಿಗೆ ಜಾಸ್ತಿ. ಗುಳಿ ತೊಳೆದು ಔಷಧಿ ಹಾಕಿದ ಡ್ರೆಸ್ಸಿಂಗ್ ಇಟ್ರೆ ಅದೇ ದಿನ ಆರಾಮ ಸಿಗತ್ತೆ, ಮನೇಲಿ ಮಾತ್ರೆ ನುಂಗ್ತಾ ಕೂರೋ ಅಗತ್ಯ ಇಲ್ಲ.

ಪ್ರಶ್ನೆ: ಮೇಡಂ, ನನಗೆ ಏಳು ತಿಂಗಳು. ಹಲ್ಲು ನೋವು ತಡೆಯೋಕಾಗ್ತಿಲ್ಲ. ಹೆರಿಗೆ ಆಗೋವರೆಗೂ ಹಲ್ಲು ಮುಟ್ಟಿಸಬಾರದು ಅಂತ ಅತ್ತೆ ಹೇಳ್ತಾರೆ, ನಿಜನಾ?

ಉತ್ತರ: ಅತ್ತೆಯವರ ಕಾಳಜಿ ಅರ್ಥ ಆಗತ್ತೆ, ಆದ್ರೆ ಇಲ್ಲ. ತುರ್ತು ಚಿಕಿತ್ಸೆ ಯಾವ ತಿಂಗಳಲ್ಲೂ ಮಾಡಬಹುದು, ಮುಂದೂಡಬಹುದಾದ ಕೆಲಸಕ್ಕೆ ಮಾತ್ರ ನಾವು ನಡುವಿನ ಮೂರು ತಿಂಗಳು ಆರಿಸ್ಕೊಳ್ಳೋದು. ಜೋಮು ಹಿಡಿಸೋ ಲಿಗ್ನೊಕೇನ್ ಇಂಜೆಕ್ಷನ್ ಕೊಡಬಹುದು, ಬೇಕಾದ್ರೆ ಹಲ್ಲಿನ ಸಣ್ಣ ಎಕ್ಸ್‌ರೇ ತೆಗೀಬಹುದು, ಅದರ ವಿಕಿರಣ ತೀರಾ ಕಡಿಮೆ. ನಂಜು ಹಾಗೇ ಬಿಟ್ಕೊಂಡು ನಿದ್ದೆ ಊಟ ಇಲ್ದೆ ಎರಡು ತಿಂಗಳು ಕಳೆಯೋದು ನಿಮಗೂ ಮಗುವಿಗೂ ಅದಕ್ಕಿಂತ ಕೆಟ್ಟದ್ದು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಕುರ್ಚೀಲಿ ಪೂರ್ತಿ ಅಂಗಾತ ಮಲಗಬೇಡಿ, ಬಲ ಸೊಂಟದ ಕೆಳಗೆ ದಿಂಬು ಕೊಡೋಕೆ ಹೇಳಿ ಸ್ವಲ್ಪ ಎಡಕ್ಕೆ ವಾಲಿರಿ, ಇಲ್ಲಾಂದ್ರೆ ಗರ್ಭದ ಭಾರಕ್ಕೆ ರಕ್ತನಾಳ ಒತ್ತಿ ತಲೆ ಸುತ್ತು ಬರತ್ತೆ.

ಪ್ರಶ್ನೆ: ಎಮರ್ಜೆನ್ಸಿ ಅಂತ ಫೋನ್ ಮಾಡಿದ್ರೂ ಕ್ಲಿನಿಕ್‌ನವರು ಮುಂದಿನ ವಾರ ಬನ್ನಿ ಅಂತಾರೆ. ಏನು ಹೇಳಿದ್ರೆ ಬೇಗ ನೋಡ್ತಾರೆ?

ಉತ್ತರ: "ತುಂಬಾ ನೋವು" ಅಂತ ಎಲ್ಲರೂ ಹೇಳ್ತಾರೆ, ಫೋನ್ ಎತ್ತಿದವರಿಗೆ ಅದರಿಂದ ಏನೂ ಗೊತ್ತಾಗಲ್ಲ. ಊತ ಇದೆಯಾ, ಎಲ್ಲಿ, ನಿನ್ನೆಗಿಂತ ಜಾಸ್ತಿನಾ, ಜ್ವರ ಎಷ್ಟು, ಬಾಯಿ ಎಷ್ಟು ತೆರೆಯತ್ತೆ, ರಾತ್ರಿ ನಿದ್ದೆ ಬಂತಾ, ಯಾವ ಮಾತ್ರೆ ಎಷ್ಟು ಹೊತ್ತಿಗೆ ತಗೊಂಡ್ರಿ, ಪೆಟ್ಟಾಗಿದ್ರೆ ಎಷ್ಟು ನಿಮಿಷ ಆಯ್ತು, ಇದನ್ನ ಹೇಳಿ. "ಪೂರ್ತಿ ಟ್ರೀಟ್‌ಮೆಂಟ್ ಬೇಡ, ಇವತ್ತು ನೋವು ಇಳಿಸೋಷ್ಟು ಮಾಡಿದ್ರೆ ಸಾಕು, ಎಷ್ಟು ಹೊತ್ತಾದ್ರೂ ಕಾಯ್ತೀವಿ" ಅಂದ್ರೆ ನಡುವೆ ತೂರಿಸೋಕೆ ಅವರಿಗೂ ಸುಲಭ, ನೂರಾರು ಸಲ ನಮ್ಮಲ್ಲೇ ಹಾಗೆ ಆಗಿದೆ. ಅಲ್ಲಿ ಆಗದಿದ್ರೆ ಡೆಂಟಲ್ ಕಾಲೇಜು ಆಸ್ಪತ್ರೆ, ದೊಡ್ಡ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗ ನೋಡಿ. ತಗೊಳ್ಳೋ ಮಾತ್ರೆಗಳ ಚೀಟಿ, ಅಲರ್ಜಿ ಇದ್ರೆ ಅದೂ ಜೊತೇಲಿರಲಿ.

ಪ್ರಶ್ನೆ: ಮೆಟ್ಟಿಲು ಹತ್ತಿದಾಗ ಕೆಳಗಿನ ದವಡೆ ಎಡಗಡೆ ಹಲ್ಲೆಲ್ಲಾ ನೋಯತ್ತೆ, ಕೂತ್ರೆ ಹೋಗತ್ತೆ. ಹುಳುಕು ಯಾವುದೂ ಕಾಣ್ತಿಲ್ಲ. ವಯಸ್ಸು 56.

ಉತ್ತರ: ನನ್ನ ಹತ್ರ ಬರೋ ಮೊದಲು ಹೃದಯದ ಡಾಕ್ಟರ ಹತ್ರ ಹೋಗಿ ಇಸಿಜಿ ಮಾಡಿಸಿ, ನಾಳೆ ಅನ್ನಬೇಡಿ. ಶ್ರಮ ಪಟ್ಟಾಗ ಬಂದು ಕೂತಾಗ ಹೋಗೋ ದವಡೆ ನೋವು ಹೃದಯದ್ದಿರಬಹುದು. ಕೂತಿರೋವಾಗ್ಲೂ ಬಂದ್ರೆ, ಜೊತೆಗೆ ಬೆವರು, ಎದೆ ಬಿಗಿತ, ಉಸಿರಾಟದ ತೊಂದರೆ ಇದ್ರೆ ಆಂಬುಲೆನ್ಸ್ ಕರೀರಿ.

ಪ್ರಶ್ನೆ: ರೂಟ್ ಕೆನಾಲ್ ಹಲ್ಲಿನ ಕ್ಯಾಪ್ ಬಿದ್ದೋಯ್ತು, ಡಾಕ್ಟರ್ ಸಿಗೋದು ನಾಲ್ಕು ದಿನ ಬಿಟ್ಟು. ಫೆವಿಕ್ವಿಕ್ ಹಾಕಿ ಅಂಟಿಸಿಕೊಳ್ಳಲಾ?

ಉತ್ತರ: ಬೇಡ ಮಾರಾಯ್ರೆ. ಅಂಟು ವಸಡು ಸುಡತ್ತೆ, ಕ್ಯಾಪ್ ಸೊಟ್ಟ ಕೂತ್ರೆ ಆಮೇಲೆ ತೆಗೆಯೋಕೆ ಕ್ಯಾಪನ್ನೇ ಕತ್ತರಿಸಬೇಕಾಗತ್ತೆ. ನೋವಿಲ್ಲ ಅಂದ್ರೆ ಇದು ಅವಸರದ ಕೆಲಸವೇ ಅಲ್ಲ. ಒಳಗೆ ತೊಳೆದು, ಮೆಡಿಕಲ್ ಶಾಪಲ್ಲಿ ಹಲ್ಲಿನ ಟೆಂಪರರಿ ಸಿಮೆಂಟ್ ಸಿಕ್ಕಿದ್ರೆ ಅದನ್ನ, ಸಿಗದಿದ್ರೆ ಚೂರು ಟೂತ್‌ಪೇಸ್ಟ್ ಹಾಕಿ ಕೂರಿಸಿ, ಕಚ್ಚಿದಾಗ ಮೊದಲಿನ ಹಾಗೇ ಅನ್ನಿಸ್ಬೇಕು, ಎತ್ತರ ಅನ್ನಿಸಿದ್ರೆ ತೆಗೆದುಬಿಡಿ. ಆ ಕಡೆ ಅಗೀಬೇಡಿ. ಟೂತ್‌ಪೇಸ್ಟ್ ಮೇಲೆ ಕೂರಿಸಿದ್ರೆ ಮಲಗೋ ಮುಂಚೆ ತೆಗೆದು ಒಂದು ಡಬ್ಬೀಲಿಡಿ, ನಿದ್ದೇಲಿ ಗಂಟಲಿಗೆ ಜಾರಬಾರದು. ಕ್ಯಾಪ್ ಒಳಗೆ ಹಲ್ಲೇ ಮುರ್ಕೊಂಡು ಬಂದಿದ್ರೆ ಆ ತುಂಡನ್ನ ಬಿಡಿಸೋಕೆ ಹೋಗ್ಬೇಡಿ, ಹಾಗೇ ತನ್ನಿ.